ಕಡಿಮೆ ಇರುವುದು ಯಾರಿಗೆ?

ಮೂಡಿಗೆರೆ ಪೇಟೆಯ ಔಷಧಿ ಅಂಗಡಿಯೊಂದರ ಮುಂದೆ ನಿಂತು ಒಳಗಿನ ಕಪಾಟುಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಹಿಂದೆಲ್ಲ ಎದುರಿಗೆ ಕಾಣುತ್ತಿದ್ದುದು ಕೆಮ್ಮಿನ ಸಿರಪ್ಪು, ಸೊಂಟನೋವಿನ ಮುಲಾಮು, ಎಳೆಮಕ್ಕಳ ಗ್ರೈಪ್ ವಾಟರು. ಈಗ ಆ ಜಾಗದಲ್ಲಿ ಸಣ್ಣ ಕೊಡದಷ್ಟು ದಪ್ಪನೆಯ ಕಪ್ಪು ಡಬ್ಬಿಗಳು ಕುಳಿತಿವೆ. ಅವುಗಳ ಮೇಲೆ ಕಲ್ಲಿನಲ್ಲಿ ಕೆತ್ತಿದಂಥ ತೋಳಿನ ಚಿತ್ರ. ಪಕ್ಕದಲ್ಲಿ ನೆನಪಿನ ಶಕ್ತಿಗೊಂದು ಮಾತ್ರೆ, ಎತ್ತರ ಬೆಳೆಯಲು ಒಂದು ಪುಡಿ, ಕೂದಲು ಉದುರದಿರಲು ಮತ್ತೊಂದು. ಪರೀಕ್ಷೆ ಹತ್ತಿರ ಬಂದಾಗ ನೆನಪಿನ ಶಕ್ತಿಯದಕ್ಕೂ, ಪೊಲೀಸ್ ನೇಮಕಾತಿಯ ಪ್ರಕಟಣೆ ಬಂದಾಗ ತೋಳಿನ ಚಿತ್ರದ್ದಕ್ಕೂ ಗಿರಾಕಿ ಹೆಚ್ಚಂತೆ. ಅಂಗಡಿಯವರೊಬ್ಬರು ನಗುತ್ತ ಹೇಳಿದ ಮಾತಿದು.

ಮೂವತ್ತು ವರ್ಷ ಈ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಸೀಟಿ ಊದಿ ಮಕ್ಕಳನ್ನು ಓಡಿಸಿದವನು ನಾನು. ನಿವೃತ್ತನಾಗಿ ಕೆಲವು ವರ್ಷಗಳಾದರೂ ಪಿ.ಟಿ. ಮೇಷ್ಟ್ರು ಎಂಬ ಹೆಸರು ಹೋಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ಸೊಸೈಟಿಯ ಕ್ಯೂನಲ್ಲಿ ತಂದೆತಾಯಿಯರು ತಡೆದು ಕೇಳುತ್ತಾರೆ: ‘ಮೇಷ್ಟ್ರೇ, ಮಗನಿಗೆ ಯಾವ ಪೌಡರ್ ಕೊಡಿಸಲಿ?’ ಕೊಡಿಸಬೇಕೋ ಬೇಡವೋ ಎಂಬ ಪ್ರಶ್ನೆ ಎಂದೋ ಮುಗಿದುಹೋಗಿದೆ. ಈಗ ಉಳಿದಿರುವುದು ಯಾವುದು ಎಂಬುದೊಂದೇ.

ಇಂಗ್ಲಿಷಿನ ಸಪ್ಲಿಮೆಂಟ್ ಎಂಬ ಪದಕ್ಕೆ ಕನ್ನಡದಲ್ಲಿ ಪೂರಕ ಎನ್ನುತ್ತೇವೆ, ಪತ್ರಿಕೆಗಾದರೆ ಪುರವಣಿ. ನೀವು ಓದುತ್ತಿರುವ ಈ ಪುಟವೂ ಪುರವಣಿಯದೇ. ಪತ್ರಿಕೆಯೊಡನೆ ಪುರವಣಿ ಬಂದರೆ ಸಂತೋಷ. ಪತ್ರಿಕೆಯನ್ನೇ ನಿಲ್ಲಿಸಿ ಪುರವಣಿಯೊಂದನ್ನೇ ಹಾಕಿ ಹೋದರೆ ಪೇಪರ್ ಹುಡುಗನನ್ನು ನಾವು ಸುಮ್ಮನೆ ಬಿಡುತ್ತೇವೆಯೆ? ಪೂರಕವೆಂದರೆ ಕಡಿಮೆಯಿದ್ದುದನ್ನು ತುಂಬುವುದು. ಹಾಗಾದರೆ ಏನು ಕಡಿಮೆಯಿದೆ, ಯಾರಿಗೆ ಕಡಿಮೆಯಿದೆ ಎಂಬುದು ಮೊದಲು ಗೊತ್ತಾಗಬೇಕಲ್ಲ?

ನಾನು ಪೂರಕಗಳ ವಿರೋಧಿಯೇನೂ ಅಲ್ಲ. ನಮ್ಮ ಕಣ್ಣೆದುರಿಗೇ ಗೆದ್ದ ಪೂರಕವೊಂದಿದೆ. ನಾನು ಹುಡುಗನಾಗಿದ್ದಾಗ ಸಂತೆಗೆ ಹೋದರೆ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟೋ ಕಿತ್ತಳೆಯಷ್ಟೋ ಗಂಟು ಇದ್ದ ಒಬ್ಬಿಬ್ಬರಾದರೂ ಕಾಣಸಿಗುತ್ತಿದ್ದರು. ಅದು ಗಳಗಂಡ. ಬೆಟ್ಟದ ಸೀಮೆಯಲ್ಲಿ ಮಳೆ ಮಣ್ಣಿನೊಳಗಿನ ಅಯೋಡಿನ್ನನ್ನು ತೊಳೆದುಕೊಂಡು ಹೋಗುತ್ತದೆ. ಆ ಮಣ್ಣಿನಲ್ಲಿ ಬೆಳೆದ ಅಕ್ಕಿಯಲ್ಲೂ ತರಕಾರಿಯಲ್ಲೂ ಅದು ಕಡಿಮೆಯೇ. ಕೇಂದ್ರ ಸರ್ಕಾರ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುಮಾಡಿತು. ನೇರ ಬಳಕೆಗೆ ಅಯೋಡಿನ್ ಇಲ್ಲದ ಉಪ್ಪು ಮಾರಬಾರದೆಂಬ ನಿಯಮ 2006ರಲ್ಲಿ ದೇಶಕ್ಕೆಲ್ಲ ಬಂತು. ಅಯೋಡಿನ್ ಕಡಿಮೆಯಾದರೆ ಗಂಟು ಬರುವುದಷ್ಟೇ ಅಲ್ಲ, ಹೊಟ್ಟೆಯೊಳಗಿನ ಮಗುವಿನ ಬುದ್ಧಿಯೇ ಕುಂದುತ್ತದೆ. ಈಗ ಅಂಥ ಕುತ್ತಿಗೆಗಳು ನಮ್ಮ ಸಂತೆಯಲ್ಲಿ ಕಾಣುವುದು ಅಪರೂಪ. ಈ ಪೂರಕಕ್ಕೆ ತೋಳಿನ ಚಿತ್ರವೂ ಇಲ್ಲ, ದೊಡ್ಡ ಬೆಲೆಯೂ ಇಲ್ಲ. ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ ಸದ್ದಿಲ್ಲದೆ ಕುಳಿತಿದೆ. ಮಣ್ಣಿನಲ್ಲಿ ಕೊರತೆಯಿತ್ತು, ಆ ಕೊರತೆ ಯಾವುದೆಂದು ಗೊತ್ತಾಯಿತು, ಅದನ್ನಷ್ಟೇ ತುಂಬಲಾಯಿತು.

ಈ ಅಳತೆಗೋಲು ಹಿಡಿದು ನಮ್ಮ ಮನೆಯ ಕಡೆಗೇ ಬರೋಣ. ಬಣಕಲ್ ಕಡೆ ನನ್ನ ತಂಗಿಯ ಮನೆ. ಮೂರು ಎಕರೆ ಕಾಫಿ, ಸ್ವಲ್ಪ ಗದ್ದೆ, ಒಂದು ಹಸು, ಇಬ್ಬರು ಮಕ್ಕಳು. ಮಗ ಎರಡನೇ ಪಿಯುಸಿ, ಮಗಳು ಒಂಬತ್ತನೇ ತರಗತಿ. ಹುಡುಗನಿಗೆ ಪೊಲೀಸ್ ಆಗುವ ಹುಚ್ಚು. ಕಳೆದ ವರ್ಷ ಕಾಫಿ ಮಾರಿದ ದುಡ್ಡಿನಲ್ಲಿ ಹಟ ಹಿಡಿದು ಮೂರು ಸಾವಿರದ ಇನ್ನೂರು ರೂಪಾಯಿಯ ಒಂದು ಕಿಲೋ ಡಬ್ಬಿ ತರಿಸಿಕೊಂಡ.

‘ಮಾವ, ಇದನ್ನ ಕುಡಿದ್ರೆ ಮೂರು ತಿಂಗಳಲ್ಲಿ ಬಾಡಿ ಬರುತ್ತಂತೆ.’

‘ಯಾರು ಹೇಳಿದ್ರೋ?’

‘ಜಿಮ್ಮಲ್ಲಿ ಹೇಳಿಕೊಡೋ ಅಣ್ಣ.’

‘ಡಬ್ಬಿ ಮಾರೋರು ಯಾರು?’

‘ಅದೂ ಅವ್ರೇ.’

ನಾನು ಬೈಯಲಿಲ್ಲ. ಕಾಫಿ ತೂಕದ ಚೀಟಿಯ ಹಿಂಬದಿಯಲ್ಲಿ ಅವನ ಕೈಯಿಂದಲೇ ಲೆಕ್ಕ ಬರೆಸಿದೆ. ವಿದ್ಯಾರ್ಥಿಗಳು ತಮ್ಮ ಮನೆಯ ಊಟಕ್ಕೂ ಈ ಲೆಕ್ಕ ಹಾಕಿಕೊಳ್ಳಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಬೆಳೆದವರಿಗೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಬೆಳೆಯುವ ಹುಡುಗರಿಗೆ ತುಸು ಹೆಚ್ಚು. ಇವನ ತೂಕ 55 ಕಿಲೋ. ದಿನಕ್ಕೆ 50 ಗ್ರಾಂ ಎಂದೇ ಹಿಡಿಯೋಣ. ಇನ್ನು ಮನೆಯ ಊಟ. ರೊಟ್ಟಿ, ಕಡುಬು, ಅನ್ನ ಎಲ್ಲ ಸೇರಿ ದಿನಕ್ಕೆ 300 ಗ್ರಾಂ ಅಕ್ಕಿ ಹೋದರೆ ಅದರಲ್ಲಿ ಸುಮಾರು 22 ಗ್ರಾಂ. ಹುರುಳಿಯೋ ತೊಗರಿಯೋ 60 ಗ್ರಾಂ ಬೇಳೆಕಾಳಿನಲ್ಲಿ 13. ಹಾಲು ಮೊಸರು 300 ಮಿಲಿಯಲ್ಲಿ 10. ಎರಡು ಮೊಟ್ಟೆಯಲ್ಲಿ 12. ಕೂಡಿಸಿದರೆ 57. ಒಂದು ಹಿಡಿ ಕಡಲೆಕಾಯಿ ಬೀಜ ತಿಂದರೆ ಇನ್ನೊಂದು 7. ಮೀನೋ ಕೋಳಿಯೋ 100 ಗ್ರಾಂ ತಿಂದ ದಿನ ಮತ್ತೆ 20; ಅಂದಿನ ಮೊತ್ತ 84.

‘ಕಸರತ್ತು ಮಾಡೋರಿಗೆ ಜಾಸ್ತಿ ಬೇಕಲ್ಲ ಮಾವ?’ ಎಂದ. ಬೇಕು, ನಿಜ. ಭಾರ ಎತ್ತಿ ಮೈ ಬೆಳೆಸುವವರ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಕ್ರೋಡೀಕರಿಸಿದ 2018ರ ಅಧ್ಯಯನವೊಂದರಲ್ಲಿ ಕಿಲೋಗೆ ಸುಮಾರು 1.6 ಗ್ರಾಂ ಆದಮೇಲೆ ಇನ್ನಷ್ಟು ತಿಂದರೆ ಹೆಚ್ಚಿನ ಲಾಭವಿಲ್ಲ ಎಂದು ಕಂಡುಬಂತು. ಇವನ ಲೆಕ್ಕದಲ್ಲಿ ಅದು 88 ಗ್ರಾಂ. ಅಂದರೆ ಕಠಿಣ ಕಸರತ್ತು ಮಾಡಿದರೂ ಅವನಿಗೂ ಆ ಅಂಚಿಗೂ ನಡುವೆ ಇರುವುದು ಎರಡೋ ಮೂರೋ ಮೊಟ್ಟೆ, ಒಂದು ಸೌಟು ಕಾಳುಪಲ್ಯ. ಡಬ್ಬಿಯ ಒಂದು ಚಮಚೆಯಲ್ಲಿ 24 ಗ್ರಾಂ ಎಂದು ಬರೆದಿತ್ತು. ಡಬ್ಬಿ ಮೂವತ್ತಮೂರು ದಿನಕ್ಕೆ ಖಾಲಿ. ದಿನಕ್ಕೆ 97 ರೂಪಾಯಿ. ಅಷ್ಟೇ ಪ್ರೋಟೀನು ನಾಲ್ಕು ಮೊಟ್ಟೆಯಲ್ಲಿದೆ. ಆ ವಾರ ಮೊಟ್ಟೆಯ ಬೆಲೆ ಏಳು ರೂಪಾಯಿ, ಒಟ್ಟು 28. ಹುಡುಗ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿದ.

ಡಬ್ಬಿಯಲ್ಲಿರುವುದು ವಿಷವೇ? ಅಲ್ಲ. ‘ವೇ’ ಪ್ರೋಟೀನ್ ಎನ್ನುವುದು ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ತೆಗೆದ ಪುಡಿ. ಒಳ್ಳೆಯ ಪ್ರೋಟೀನೇ. ದಿನಕ್ಕೆ ಎರಡು ಹೊತ್ತು ತಾಲೀಮು ಮಾಡುವ, ಊರೂರು ಸುತ್ತುವ ಕ್ರೀಡಾಪಟುವಿಗೆ ಅನುಕೂಲವೂ ಹೌದು. ಆದರೆ ಹೆಸರಿಗೆ ತಕ್ಕದ್ದು ಒಳಗಿದೆಯೇ ಎಂಬುದು ಬೇರೆ ಮಾತು. ಕೇರಳದ ವೈದ್ಯರು ಮತ್ತು ಅವರ ಸಂಗಡಿಗರು ನಮ್ಮ ದೇಶದಲ್ಲಿ ಮಾರಾಟವಾಗುವ 36 ಬಗೆಯ ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ ಸುಮಾರು ಎಪ್ಪತ್ತರಲ್ಲಿ ಚೀಟಿಯ ಮೇಲಿನ ಪ್ರೋಟೀನ್ ಲೆಕ್ಕ ಸರಿಯಿರಲಿಲ್ಲ. ಕೆಲವದರಲ್ಲಿ ಹೇಳಿದ್ದರ ಅರ್ಧವಷ್ಟೇ ಇತ್ತು. ಕೆಲವದರಲ್ಲಿ ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ಎಂಬ ವಿಷವೂ ಸಿಕ್ಕಿತು. ಅದೇ ವರ್ಷದ ಮೇ ತಿಂಗಳಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ಮೈ ಬೆಳೆಸಲೆಂದು ಪ್ರೋಟೀನ್ ಪುಡಿಗಳ ಮೊರೆ ಹೋಗಬೇಡಿ ಎಂಬ ಸಲಹೆಯಿದೆ. ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಬೋರ್ನ್‌ವಿಟಾ ಸೇರಿದಂತೆ ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ತಲೆಬರಹದಡಿ ಮಾರಬಾರದೆಂದು ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತ್ತು. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥದೊಂದು ವರ್ಗವೇ ಇಲ್ಲ! ನಾವು ಎಷ್ಟು ವರ್ಷದಿಂದ ಆ ಹೆಸರು ನಂಬಿ ಮಕ್ಕಳ ಹಾಲಿಗೆ ಸಕ್ಕರೆ ಬೆರೆಸಿದ ಪುಡಿ ಕಲಸಿಕೊಟ್ಟಿದ್ದೇವೆ!

ಡಬ್ಬಿಯ ಕಥೆ ಇಷ್ಟೇ ಆಗಿದ್ದರೆ ದುಡ್ಡಿನ ನಷ್ಟವೆಂದು ಮರೆಯಬಹುದಿತ್ತು. ಆದರೆ ಆ ಮನೆಯಲ್ಲಿ ಇನ್ನೊಂದು ಮಗು ಇತ್ತು.

ಹುಡುಗಿ ಓಟಗಾರ್ತಿ. ಎಂಟನೇ ತರಗತಿಯಲ್ಲಿ ಎಂಟುನೂರು ಮೀಟರ್ ಓಟದಲ್ಲಿ ತಾಲ್ಲೂಕಿಗೆ ಎರಡನೆಯವಳಾಗಿ ಬಂದವಳು. ಮರುವರ್ಷದ ಕ್ರೀಡಾಕೂಟದಲ್ಲಿ ಮೊದಲ ಸುತ್ತು ಮುಗಿಸಿ ಎರಡನೆಯದರ ತಿರುವಿನಲ್ಲಿ ಮೊಣಕಾಲಿಗೆ ಕೈಕೊಟ್ಟು ನಿಂತುಬಿಟ್ಟಳು. ತುಟಿ ಬಿಳಿಚಿತ್ತು. ಮನೆಯಲ್ಲಿ ವಿಚಾರಿಸಿದರೆ, ‘ಇತ್ತೀಚೆಗೆ ಹಂಗೇ ಅಣ್ಣ. ಮೆಟ್ಟಿಲು ಹತ್ತಿದ್ರೂ ಏದುಸಿರು. ಓದೋಕೆ ಕೂತ್ರೆ ನಿದ್ದೆ. ಹೆಣ್ಣುಮಕ್ಕಳಿಗೆ ಈ ವಯಸ್ಸಲ್ಲಿ ಸುಸ್ತು ಇದ್ದದ್ದೇ’ ಎಂದಳು ತಂಗಿ. ಆಮೇಲೆ ಅವಳೇ ಸ್ವಲ್ಪ ಯೋಚಿಸಿ, ‘ಅವನ ಡಬ್ಬೀಲಿ ಅರ್ಧ ಉಳಿದಿದೆಯಲ್ಲ, ಇವಳಿಗೂ ಒಂದೊಂದು ಚಮಚ ಕೊಡ್ಲಾ?’ ಎಂದು ಕೇಳಿದಳು.

ಅವಳ ಕೆಳರೆಪ್ಪೆಯನ್ನು ಎಳೆದು ನೋಡಿದೆ. ಕೆಂಪಾಗಿರಬೇಕಾದ ಜಾಗ ಹಲಸಿನ ತೊಳೆಯ ಹಾಗೆ ಮಾಸಲಾಗಿತ್ತು. ಮಾರನೆಯ ದಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಿಮೋಗ್ಲೋಬಿನ್ 8.9. ಆ ವಯಸ್ಸಿನ ಹುಡುಗಿಗೆ 12 ಇರಬೇಕು. ಉಸಿರಾಡಿದ ಗಾಳಿಯ ಆಮ್ಲಜನಕವನ್ನು ಕಾಲಿನ ಸ್ನಾಯುವಿಗೆ ಹೊತ್ತೊಯ್ಯುವುದು ರಕ್ತದ ಈ ಕಬ್ಬಿಣವೇ. ಹೊರುವ ಗಾಡಿಯೇ ಕಡಿಮೆಯಿದ್ದರೆ ಎರಡನೆಯ ಸುತ್ತಿಗೆ ಕಾಲು ಬರುವುದಾದರೂ ಹೇಗೆ? ಆ ಡಬ್ಬಿಯ ಪುಡಿಯನ್ನು ಬೊಗಸೆಗಟ್ಟಲೆ ತಿನ್ನಿಸಿದ್ದರೂ ಈ ಕೊರತೆ ತುಂಬುತ್ತಿರಲಿಲ್ಲ.

ಇದು ಒಂದು ಮನೆಯ ಮಾತಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಹುಡುಗರಲ್ಲಿ 31. ಕರ್ನಾಟಕದ ಹೆಂಗಸರಲ್ಲೂ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಇದೇ ಪಟ್ಟಿಯಲ್ಲಿದ್ದಾರೆ. ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕಾದರೆ, ತಿಂಗಳು ತಿಂಗಳೂ ರಕ್ತ ಕಳೆದುಕೊಳ್ಳುವ ಹೆಂಗಸಿಗೆ 29 ಬೇಕು. ಆದರೆ ಸಾರಿನ ಮೊಟ್ಟೆ, ಕೋಳಿಯ ತುಂಡು ಮೊದಲು ಯಾರ ತಟ್ಟೆಗೆ ಬೀಳುತ್ತದೆ ಎಂಬುದನ್ನು ಪ್ರತಿಯೊಬ್ಬ ತಾಯಿಯೂ ತಂದೆಯೂ ತಮ್ಮ ತಮ್ಮ ಮನೆಯಲ್ಲೇ ನೋಡಿಕೊಳ್ಳಬಹುದು.

ಇದರ ಜೊತೆಗೆ ನಮ್ಮ ಮಲೆನಾಡಿನದೇ ಎರಡು ಕಾರಣಗಳಿವೆ. ಒಂದು ಹೊಟ್ಟೆಯ ಹುಳು. ತೋಟದ ತೇವ, ನೆರಳು, ಬರಿಗಾಲು ಇವೆಲ್ಲ ಕೊಕ್ಕೆಹುಳುವಿಗೆ ಹಬ್ಬದೂಟ. ಮಲದಿಂದ ಮಣ್ಣು ಸೇರಿದ ಅದರ ಮರಿ ಪಾದದ ಚರ್ಮ ಕೊರೆದು ಒಳಗೆ ಸೇರಿ, ಕರುಳಿನಲ್ಲಿ ಕುಳಿತು ರಕ್ತ ಹೀರುತ್ತದೆ. ಹೊರಗಿನ ಇಂಬಳ ಕಣ್ಣಿಗೆ ಕಾಣುತ್ತದೆ, ಸುಣ್ಣವನ್ನೋ ಉಪ್ಪನ್ನೋ ಹಚ್ಚಿ ಉದುರಿಸುತ್ತೇವೆ. ಒಳಗಿನ ಇಂಬಳ ಕಾಣುವುದಿಲ್ಲ. ಅದಕ್ಕೇ ಶಾಲೆಗಳಲ್ಲಿ ಜಂತುಹುಳುವಿನ ಮಾತ್ರೆ ಕೊಡುವುದು.

ಇನ್ನೊಂದು ಕಾರಣ ನಮ್ಮ ಅನ್ನದಾತ ಬೆಳೆಯೇ. ಬೆಳಗ್ಗೆ ರೊಟ್ಟಿಯ ಜೊತೆಗೆ ಕಾಫಿ, ಸಂಜೆ ಶಾಲೆಯಿಂದ ಬಂದೊಡನೆ ಕಾಫಿ; ಇಲ್ಲಿ ಮಕ್ಕಳೂ ಬೆಲ್ಲದ ಕಾಫಿಯಲ್ಲೇ ಬೆಳೆಯುತ್ತವೆ. ಅಮೆರಿಕದಲ್ಲಿ 1983ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಊಟದ ಜೊತೆ ಒಂದು ಲೋಟ ಕಾಫಿ ಕುಡಿದರೆ ಆ ಊಟದ ಕಬ್ಬಿಣ ಮೈಗೆ ಹತ್ತುವುದು ನೂರಕ್ಕೆ 39ರಷ್ಟು ಇಳಿಯಿತು. ಚಹಾ ಆದರೆ 64ರಷ್ಟು. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೂ ಅಷ್ಟೇ ತೊಂದರೆ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಮಾತ್ರ ಏನೂ ಆಗಲಿಲ್ಲ. ಕಾಫಿ ಬೆಳೆಗಾರನಾಗಿ ನಾನು ಕಾಫಿ ಬಿಡಿ ಎಂದು ಹೇಳಲಾರೆ. ಹೊತ್ತು ಬದಲಿಸಿ ಎನ್ನುತ್ತೇನೆ. ಕಾಫಿಗೆ ವಿರುದ್ಧವಾಗಿ ನಿಂಬೆ, ನೆಲ್ಲಿ, ಸೀಬೆಯಲ್ಲಿರುವ ಸಿ ಜೀವಸತ್ವ ಸೊಪ್ಪು ಕಾಳುಗಳ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಹುರುಳಿ ಸಾರಿಗೆ, ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡುವುದು ಬರೀ ರುಚಿಗಲ್ಲ.

ಹುಡುಗಿಗೆ ಡಾಕ್ಟರು ಹುಳುವಿನ ಮಾತ್ರೆ, ಆಮೇಲೆ ದಿನವೂ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಆಗ ಒಂದು ಸಂಗತಿ ಬಯಲಾಯಿತು. ಶಾಲೆಯಲ್ಲಿ ವಾರಕ್ಕೊಂದರಂತೆ ನೀಲಿ ಮಾತ್ರೆ ಕೊಡುತ್ತಾರಲ್ಲ, ಅದನ್ನು ಇವಳೂ ಇವಳ ಗೆಳತಿಯರೂ ಬಾಯಿಗೆ ಹಾಕಿಕೊಂಡಂತೆ ಮಾಡಿ ಕಾಂಪೌಂಡಿನಾಚೆ ಉಗುಳುತ್ತಿದ್ದರಂತೆ. ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ ಎಂಬ ಹೆದರಿಕೆ. ಆ ನೀಲಿ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ. 2018ರ ‘ಅನೀಮಿಯಾ ಮುಕ್ತ ಭಾರತ’ ಯೋಜನೆಯ ಪ್ರಕಾರ ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆ ಅದು ಪುಕ್ಕಟೆ. ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಮಲ ಕಪ್ಪಾಗುವುದರಿಂದ ಅಪಾಯವೇನೂ ಇಲ್ಲ. ಇಷ್ಟನ್ನು ಯಾರಾದರೂ ಕೂತು ಹೇಳಿದ್ದರೆ ಹುಡುಗಿಯರು ನುಂಗುತ್ತಿದ್ದರು. ಒಂದೇ ಸೂರಿನಡಿ ಮೂರು ಸಾವಿರದ ಡಬ್ಬಿ ಬೇಡದವನ ಹೊಟ್ಟೆ ಸೇರುತ್ತಿತ್ತು, ಬೇಕಾದವಳ ಪುಕ್ಕಟೆ ಮಾತ್ರೆ ಕಾಫಿ ಗಿಡದ ಬುಡ ಸೇರುತ್ತಿತ್ತು.

ಆ ಸಣ್ಣ ಮಾತ್ರೆಯ ಹಿಂದೆ ದೊಡ್ಡ ಕಥೆಯೇ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರು ರಕ್ತಹೀನತೆಯಿಂದ ಸಾಯುವುದೇಕೆಂದು ಹುಡುಕಿದರು. ಯೀಸ್ಟಿನ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಿದ್ದರು. ಅದರೊಳಗಿನ ಗುಟ್ಟು ಫೋಲಿಕ್ ಆಮ್ಲ ಎಂಬುದು ಆಮೇಲೆ ತಿಳಿಯಿತು. ಅದನ್ನು 1945ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು ಅಮೆರಿಕದಲ್ಲಿದ್ದ ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಕೊರತೆ ಯಾರಿಗಿದೆ ಎಂದು ಮೊದಲು ಹುಡುಕಿ, ಆಮೇಲೆ ಮದ್ದು ಮಾಡಿದ ರೀತಿಯಿದು.

ಮೂರು ತಿಂಗಳಿಗೆ ಹುಡುಗಿಯ ಹಿಮೋಗ್ಲೋಬಿನ್ 11.6ಕ್ಕೆ ಏರಿತು. ಮತ್ತೆ ಓಡತೊಡಗಿದಳು. ಓಡತೊಡಗಿದೊಡನೆ ಮನೆಯವರ ಆಸೆಯೂ ಓಡಿತು. ಜಿಲ್ಲಾ ಮಟ್ಟಕ್ಕೆ ಹೋಗುವವಳಿಗೆ ಏನಾದರೂ ‘ಶಕ್ತಿಯದು’ ಕೊಡಿಸಬೇಕೆಂದು ಭಾವ ಪಟ್ಟು ಹಿಡಿದರು. ಅವರಿಗೆ ನಾನು ಘಟ್ಟದ ಕೆಳಗಿನ ಒಬ್ಬ ಹುಡುಗಿಯ ವಿಷಯ ಹೇಳಿದೆ.

ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಕೃಷಿಕರ ಮನೆಯ ಅಶ್ವಿನಿ ಅಕ್ಕುಂಜಿಯನ್ನು ಯಾರು ಮರೆತಾರು? 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ಮರುವರ್ಷವೇ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಅವರೂ ಜೊತೆಯ ಓಟಗಾರ್ತಿಯರೂ ಸಿಕ್ಕಿಬಿದ್ದರು. ವಿದೇಶಿ ಕೋಚ್ ಪೂರಕವೆಂದು ಕೊಟ್ಟ ಜಿನ್ಸೆಂಗ್ ಮಾತ್ರೆಯಲ್ಲಿ ಬೆರಕೆಯಿತ್ತು, ನಮಗೆ ಗೊತ್ತಿರಲಿಲ್ಲ ಎಂಬುದು ಅವರ ವಾದವಾಗಿತ್ತು. ನಮ್ಮ ದೇಶದ ಶಿಸ್ತು ಸಮಿತಿ 2011ರ ಡಿಸೆಂಬರ್‌ನಲ್ಲಿ ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರ ಜುಲೈನಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕ್ರೀಡೆಯ ಕಾನೂನಿನಲ್ಲಿ ಮೈಯೊಳಗೆ ಏನು ಸೇರಿದರೂ ಅದಕ್ಕೆ ಹೊಣೆ ಆಟಗಾರನೇ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂಬುದರಿಂದ ಶಿಕ್ಷೆ ತುಸು ತಗ್ಗಬಹುದೇ ಹೊರತು ಕಳೆದುಹೋದ ವರ್ಷಗಳು ಹಿಂದಿರುಗುವುದಿಲ್ಲ. ಇದನ್ನು ಕೇಳಿದ ಮೇಲೆ ಭಾವ ಆ ಮಾತು ಎತ್ತಲಿಲ್ಲ.

‘ಜಾಸ್ತಿಯಾದರೆ ಏನು ನಷ್ಟ, ವಿಟಮಿನ್ ತಾನೆ’ ಎನ್ನುವವರೂ ಇದ್ದಾರೆ. ಫಿನ್ಲೆಂಡಿನಲ್ಲಿ ಇಪ್ಪತ್ತೊಂಬತ್ತು ಸಾವಿರ ಧೂಮಪಾನಿ ಗಂಡಸರ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಗಜ್ಜರಿಯಲ್ಲಿರುವ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ತಗ್ಗೀತೆಂಬ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ನುಂಗಿದವರಲ್ಲಿ ಕ್ಯಾನ್ಸರ್ ನೂರಕ್ಕೆ 18ರಷ್ಟು ಹೆಚ್ಚಾಗಿತ್ತು! ಕಬ್ಬಿಣವೂ ಅಷ್ಟೇ. ಬೇಡದವರು ತಾವೇ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ವಸ್ತುವಲ್ಲ. ಪುಟ್ಟ ಮಕ್ಕಳ ಕೈಗೆ ಸಿಕ್ಕಿದರಂತೂ ಪ್ರಾಣಾಪಾಯ.

ಆದ್ದರಿಂದ ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟು. ಡಬ್ಬಿ ಕೊಳ್ಳುವ ಮೊದಲು ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ನೋಡಲು ಸರ್ಕಾರಿ ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಮಗಳಿಗೆ ಮೊದಲು ಮಾಡಿಸಿ. ಹಾಲು ಮೊಸರೂ ಅಪರೂಪವಾದ ಸಸ್ಯಾಹಾರಿಗಳ ಮನೆಯಾದರೆ ಬಿ-12 ಬಗ್ಗೆ ಡಾಕ್ಟರನ್ನು ಕೇಳಿ. ಅದು ಸೊಪ್ಪುಕಾಳಿನಲ್ಲಿ ಸಿಗದ ಜೀವಸತ್ವ, ಅಲ್ಲಿ ಮಾತ್ರೆ ನಿಜಕ್ಕೂ ಬೇಕಾಗಬಹುದು. ಕೊರತೆ ಕಂಡರೆ ಡಾಕ್ಟರು ಹೇಳಿದಷ್ಟು, ಹೇಳಿದಷ್ಟು ದಿನ ಕೊಡಿ. ಕೊರತೆ ಇಲ್ಲದಿದ್ದರೆ ಆ ದುಡ್ಡಿಗೆ ಮೊಟ್ಟೆ, ಕಡಲೆಕಾಯಿ, ಹಣ್ಣು ತನ್ನಿ, ಇಬ್ಬರು ಮಕ್ಕಳಿಗೂ ಸಮನಾಗಿ ಹಂಚಿ.

ವಿದ್ಯಾರ್ಥಿಗಳಿಗೊಂದು ಮಾತು. ತೋಳು ಬೆಳೆಯುವುದು ಭಾರ ಎತ್ತಿದ್ದರಿಂದ, ಹೊಟ್ಟೆ ತುಂಬ ಉಂಡಿದ್ದರಿಂದ, ಎಂಟು ಗಂಟೆ ನಿದ್ದೆಯಿಂದ. ನೆನಪಿನ ಶಕ್ತಿಗೂ ಆ ಕೊನೆಯ ಎರಡೇ ಸಾಕು. ಮಾರುವವನೇ ಸಲಹೆ ಕೊಟ್ಟರೆ ಇನ್ನೊಬ್ಬರನ್ನು ಕೇಳಿ. ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯನ್ನು ಉಗುಳಬೇಡಿ.

ನನ್ನ ಸೋದರಳಿಯ ಈಗಲೂ ಕಸರತ್ತು ಮಾಡುತ್ತಾನೆ. ಡಬ್ಬಿ ಮುಗಿದ ಮೇಲೆ ಇನ್ನೊಂದು ತರಲಿಲ್ಲ. ಈ ವರ್ಷದ ತಾಲ್ಲೂಕು ಕ್ರೀಡಾಕೂಟದಲ್ಲಿ ಅವನ ತಂಗಿ ಮೂರನೆಯವಳಾಗಿ ಗುರಿ ಮುಟ್ಟಿದಳು. ಜಿಲ್ಲಾ ಮಟ್ಟಕ್ಕೆ ಹೋಗಲಾಗಲಿಲ್ಲ ಎಂಬ ಬೇಸರ ಅವಳಿಗೆ. ಎರಡು ಸುತ್ತೂ ನಿಲ್ಲದೆ ಓಡಿದಳೆಂಬ ಸಮಾಧಾನ ನನಗೆ.